ಮೊದಲು ವಿಳಾಸಪಟ್ಟಿ, ಆಮೇಲೆ ಡಿಸೈನ್: ಸಾವಿರಾರು ಪತ್ರ ಅಚ್ಚು ಮಾಡಿಸಿ ಅಂಚೆಗೆ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಸದಸ್ಯರಿಗೆಲ್ಲ ಪತ್ರ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಕಾಗದ ಚೆನ್ನಾಗಿತ್ತು. ಬಣ್ಣ ಅಂದುಕೊಂಡ ಹಾಗೇ ಬಂದಿತ್ತು. ಪ್ರೂಫ್ ಮೂರು ಸಲ ಓದಿದ್ದೆ. ಅಂಚೆಗೆ ಹಾಕಿ ಎರಡು ವಾರಕ್ಕೆ ಕವರ್‌ಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ನೋಡಿದರೆ ಮನೆ ನಂಬರ್ ಇರಬೇಕಾದ ಜಾಗದಲ್ಲಿ ತಾರೀಖು! ಯಾರೋ 12/4 ಎಂದು ಟೈಪ್ ಮಾಡಿದ್ದನ್ನು ಎಕ್ಸೆಲ್ ಏಪ್ರಿಲ್ 12 ಎಂದು ಓದಿಕೊಂಡಿತ್ತು. ಮೂರು ಸಲ ಓದಿದ್ದು ಪತ್ರವನ್ನು. ಪಟ್ಟಿಯನ್ನು ಒಂದು ಸಲವೂ ಓದಿರಲಿಲ್ಲ.

ಅವತ್ತಿನಿಂದ ನಾನು ಈ ಕೆಲಸವನ್ನು ಹಿಂದುಮುಂದಾಗಿ ಮಾಡುತ್ತೇನೆ. ಹೆಚ್ಚಿನವರು ಡಿಸೈನ್‌ನಿಂದ ಶುರುಮಾಡಿ, ಕೊನೆಯ ದಿನ ಪಟ್ಟಿಯನ್ನು ಪ್ರೆಸ್‌ಗೆ ಕಳಿಸುತ್ತಾರೆ. ನಾನು ಕವರ್ ಮತ್ತು ಪಟ್ಟಿಯಿಂದ ಶುರುಮಾಡುತ್ತೇನೆ. ಡಿಸೈನ್ ಆಮೇಲೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಹಂತ 1: ಕವರ್, ತೂಕ, ತಾರೀಖು

ಪತ್ರ ಯಾವ ಕವರ್‌ನಲ್ಲಿ ಹೋಗುತ್ತದೆ ಅನ್ನುವುದು ಮೊದಲು ತೀರ್ಮಾನವಾಗಬೇಕು. ಎ4 ಹಾಳೆ 210 × 297 ಮಿ.ಮೀ. ಅದನ್ನು ಮೂರು ಮಡಿಕೆ ಮಾಡಿದರೆ 110 × 220 ಮಿ.ಮೀ. ಅಳತೆಯ ಡಿಎಲ್ ಕವರ್‌ಗೆ ಹೋಗುತ್ತದೆ. ಅರ್ಧಕ್ಕೆ ಮಡಚಿದರೆ 162 × 229ರ ಸಿ5 ಕವರ್ ಬೇಕು. ಮಡಚದೇ ಕಳಿಸುವುದಾದರೆ 229 × 324ರ ಸಿ4. ಈ ಅಳತೆಗಳ ಕವರ್ ಸಿದ್ಧವಾಗಿ ಸಿಗುತ್ತವೆ. ಕವರ್‌ಗೆ ತುಂಬುವ ಯಂತ್ರಗಳೂ ಇವಕ್ಕೆ ಹೊಂದಿಕೊಳ್ಳುತ್ತವೆ. ಚೌಕಾಕಾರದ ಕವರ್ ನೋಡಲು ಚೆಂದ. ಆದರೆ ಅಂಚೆಯ ವಿಂಗಡಣೆ ಯಂತ್ರಕ್ಕೆ ಅದು ಒಗ್ಗುವುದಿಲ್ಲ, ಎಷ್ಟೋ ಕಡೆ ಅದಕ್ಕೆ ಜಾಸ್ತಿ ದರ ತೆಗೆದುಕೊಳ್ಳುತ್ತಾರೆ.

ಆಮೇಲೆ ತೂಕ. ಇದರ ಲೆಕ್ಕ ಸುಲಭ. ಒಂದು ಚದರ ಮೀಟರ್‌ನಲ್ಲಿ ಹದಿನಾರು ಎ4 ಹಾಳೆ ಇರುತ್ತವೆ. ಹಾಗಾಗಿ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕವಾದ ಜಿಎಸ್‌ಎಂ ಅನ್ನು 16ರಿಂದ ಭಾಗಿಸಿದರೆ ಒಂದು ಎ4 ಹಾಳೆಯ ತೂಕ ಗ್ರಾಂನಲ್ಲಿ ಸಿಗುತ್ತದೆ. 80 ಜಿಎಸ್‌ಎಂ ಹಾಳೆ 5 ಗ್ರಾಂ. 130 ಜಿಎಸ್‌ಎಂ ಆರ್ಟ್ ಪೇಪರ್ 8 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಡಿಎಲ್ ಕವರ್ ಸುಮಾರು 4ರಿಂದ 5 ಗ್ರಾಂ ತೂಗುತ್ತದೆ. ಬಹಳಷ್ಟು ದೇಶಗಳ ಅಂಚೆಯಲ್ಲಿ ಪತ್ರದ ಮೊದಲ ತೂಕದ ಹಂತ 20 ಗ್ರಾಂ. ಅಂದರೆ 80 ಜಿಎಸ್‌ಎಂನ ಮೂರು ಹಾಳೆ ಮತ್ತು ಕವರ್ ಸೇರಿದರೆ ಸರಿಯಾಗಿ ಅಂಚಿಗೆ ಬಂದು ನಿಲ್ಲುತ್ತೀರಿ. ಒಂದು ಸ್ಟೇಪ್ಲರ್ ಪಿನ್, ಸ್ವಲ್ಪ ಅಂಟು, ತೇವ ಹೀರಿದ ಕಾಗದ ಸೇರಿದರೆ ಗೆರೆ ದಾಟಿಹೋಗುತ್ತದೆ. ಆಗ ಇಡೀ ಕಟ್ಟಿನ ಅಂಚೆ ದರ ಮುಂದಿನ ಹಂತಕ್ಕೆ ಏರುತ್ತದೆ. ಖಾಲಿ ಕಾಗದವನ್ನೇ ಮಡಚಿ, ಕವರ್‌ಗೆ ಹಾಕಿ, ತಕ್ಕಡಿಯಲ್ಲಿಟ್ಟು ನೋಡಿ. ಹತ್ತು ನಿಮಿಷದ ಕೆಲಸ.

ತಾರೀಖನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ. ಪತ್ರ ಕೈಸೇರಬೇಕಾದ ದಿನ, ಅದಕ್ಕೂ ಮೊದಲು ಅಂಚೆಗೆ ಹಾಕುವ ದಿನ, ತುಂಬುವ ದಿನಗಳು, ಅಚ್ಚು, ಪ್ರೂಫ್, ಪಟ್ಟಿಯ ಶುದ್ಧೀಕರಣ. ಕಡಿಮೆ ದರದ ಸಗಟು ಅಂಚೆ ಸಾಮಾನ್ಯವಾಗಿ ನಿಧಾನವಾಗಿ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದೇ ಹೊತ್ತಿಗೆ ಅಂಚೆ ಕಚೇರಿಯವರನ್ನೂ ಮಾತಾಡಿಸಿಬಿಡಿ. ಸಗಟು ದರಕ್ಕೆ ಕನಿಷ್ಠ ಎಷ್ಟು ಪತ್ರ ಇರಬೇಕು? ವಿಂಗಡಿಸಿ ಕೊಡಬೇಕಾ? ಅಂಚೆಚೀಟಿಯ ಬದಲು ಅನುಮತಿ ಮುದ್ರೆ ಅಚ್ಚು ಹಾಕಿಸಬಹುದಾ? ಹಾಕಿಸುವುದಾದರೆ ಅದರ ಮಾತುಗಳು, ಅಳತೆ, ಜಾಗ ಏನು? ನಿಯಮ ಒಂದೊಂದು ದೇಶಕ್ಕೆ ಒಂದೊಂದು. ಅಮೆರಿಕದಲ್ಲಿ ಮಾರ್ಕೆಟಿಂಗ್ ಮೇಲ್ ಎಂಬ ಸಗಟು ದರಕ್ಕೆ ಕನಿಷ್ಠ 200 ಪತ್ರ ಅಥವಾ 50 ಪೌಂಡ್ ತೂಕ ಇರಬೇಕು. ಕವರ್ ಅಚ್ಚಾದ ಮೇಲೆ ಈ ಪ್ರಶ್ನೆ ಕೇಳಿದರೆ ಉಪಯೋಗವಿಲ್ಲ.

ಹಂತ 2: ಪಟ್ಟಿಯನ್ನು ಹಾಳಾಗದ ಹಾಗೆ ತೆರೆಯಿರಿ

ಮೂಲ ಫೈಲನ್ನು ಮುಟ್ಟಬೇಡಿ. ಅದರ ಪ್ರತಿ ಮಾಡಿಕೊಳ್ಳಿ. ಕೆಲಸವೆಲ್ಲ ಪ್ರತಿಯಲ್ಲೇ ಆಗಲಿ.

ಪಟ್ಟಿ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲ್) ರೂಪದಲ್ಲಿದ್ದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಹಾಗೆ ಮಾಡಿದ ತಕ್ಷಣ ಎಕ್ಸೆಲ್ ತನಗೆ ತೋಚಿದಂತೆ ಊಹಿಸಲು ಶುರುಮಾಡುತ್ತದೆ. 12/4 ತಾರೀಖಾಗುತ್ತದೆ. ಸೊನ್ನೆಯಿಂದ ಶುರುವಾಗುವ ಅಂಚೆ ಕೋಡ್‌ನ ಸೊನ್ನೆ ಹಾರಿಹೋಗುತ್ತದೆ. ಉದ್ದನೆಯ ಸದಸ್ಯ ಸಂಖ್ಯೆ 1.23E+12 ಥರದ ಬಿಂದು ಮತ್ತು ಘಾತದ ರೂಪಕ್ಕೆ ತಿರುಗುತ್ತದೆ. 15 ಅಂಕಿ ದಾಟಿದರೆ ಕೊನೆಯ ಅಂಕಿಗಳು ಸೊನ್ನೆಯೇ ಆಗಿಬಿಡುತ್ತವೆ. ಇನ್ನೂ ಕೆಟ್ಟ ಸಂಗತಿ ಏನಂದರೆ, ಆಮೇಲೆ ಸೆಲ್ಲನ್ನು ಟೆಕ್ಸ್ಟ್ ಎಂದು ಬದಲಿಸಿದರೂ ಹಳೆಯದು ವಾಪಸ್ ಬರುವುದಿಲ್ಲ. 2024ರಲ್ಲಿ ಟೈಪ್ ಮಾಡಿದ 12/4 ಆಗ 45394 ಎಂದು ಕಾಣಿಸುತ್ತದೆ. ಮನೆ ನಂಬರ್ ಹೋಯಿತು ಅಂತಲೇ ಅರ್ಥ.

ಸರಿಯಾದ ದಾರಿ ಇದು: ಖಾಲಿ ಹಾಳೆ ತೆರೆಯಿರಿ. ಡೇಟಾ ಮೆನುವಿನಿಂದ ಫೈಲನ್ನು ಇಂಪೋರ್ಟ್ ಮಾಡಿ. ಎನ್‌ಕೋಡಿಂಗ್ ಯುಟಿಎಫ್-8 (ಕನ್ನಡವನ್ನೂ ಸರಿಯಾಗಿ ತೋರಿಸುವ ಯುನಿಕೋಡ್ ರೂಪ) ಎಂದು ಆರಿಸಿ. ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಎಂದು ಗುರುತಿಸಿ. ಹೌದು, ಎಲ್ಲವನ್ನೂ. ವಿಳಾಸದಲ್ಲಿ ಕೂಡಿ ಕಳೆಯುವ ಸಂಖ್ಯೆ ಒಂದೂ ಇಲ್ಲ, ಅಲ್ವಾ? ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಸಿಎಸ್‌ವಿ ತೆರೆದರೆ ಅದು ತಾನಾಗಿಯೇ ಈ ಪ್ರಶ್ನೆಗಳನ್ನು ಕೇಳುತ್ತದೆ. ಈ ಕೆಲಸಕ್ಕೆ ನನಗೆ ಅದೇ ಇಷ್ಟ.

ಹಳೆಯ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. ಯಾರಾದರೂ ಕಳಿಸಿದ ಪಟ್ಟಿ ಸರಿಯಾಗಿ 65,536ಕ್ಕೆ ಮುಗಿದಿದ್ದರೆ ಉಳಿದವರು ಕತ್ತರಿಸಿಹೋಗಿದ್ದಾರೆ ಎಂದು ತಿಳಿಯಿರಿ.

ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ: ಪ್ರತಿ ಸಾಲಿಗೂ ಒಂದು ಕಾಯಂ ಗುರುತಿನ ಸಂಖ್ಯೆ ಕೊಡಿ. ಒಂದು, ಎರಡು, ಮೂರು ಎಂದು ಕೊಟ್ಟರೂ ಸಾಕು. ಮುಂದೆ ಏನೇ ಆದರೂ ಈ ಸಂಖ್ಯೆ ಬದಲಾಗಬಾರದು. ಒಂದೇ ಕಾಲಂ ಆಯ್ದು ವಿಂಗಡಿಸಿಬಿಟ್ಟು, ಹೆಸರುಗಳೆಲ್ಲ ಪಕ್ಕದವರ ವಿಳಾಸಕ್ಕೆ ಜಾರಿಹೋಗುವ ಅನಾಹುತ ನೀವು ಅಂದುಕೊಂಡಷ್ಟು ಅಪರೂಪವಲ್ಲ. ಅದು ನೋಡಿದರೆ ಗೊತ್ತೂ ಆಗುವುದಿಲ್ಲ. ಪ್ರತಿ ಹೆಸರೂ ನಿಜ, ಪ್ರತಿ ವಿಳಾಸವೂ ನಿಜ, ಜೋಡಿ ಮಾತ್ರ ತಪ್ಪು. ಮೂಲ ಫೈಲಿನಲ್ಲಿಯೂ ಕೆಲಸದ ಫೈಲಿನಲ್ಲಿಯೂ ಒಂದೇ ಗುರುತಿನ ಸಂಖ್ಯೆ ಇದ್ದರೆ ತಾಳೆ ನೋಡಿ ಹಿಡಿಯಬಹುದು.

ಹಂತ 3: ಕಾಲಂಗಳನ್ನು ಬಿಡಿಸಿ

ಇಡೀ ವಿಳಾಸ ಒಂದೇ ಸೆಲ್‌ನಲ್ಲಿದ್ದರೆ ಅದು ಇನ್ನೂ ಕಚ್ಚಾ ಸಾಮಾನು. ಗೌರವಸೂಚಕ, ಹೆಸರು, ಸಂಸ್ಥೆ, ಮನೆ ನಂಬರ್ ಮತ್ತು ಬೀದಿ, ಬಡಾವಣೆ, ಊರು, ರಾಜ್ಯ, ಅಂಚೆ ಕೋಡ್, ದೇಶ ಇವೆಲ್ಲ ಬೇರೆ ಬೇರೆ ಕಾಲಂ ಆಗಬೇಕು. ಕಾಲಂ ಹೆಸರು ಚಿಕ್ಕದಾಗಿರಲಿ, ಮೊದಲ ಸಾಲಿನಲ್ಲಿ ಒಂದೇ ಸಲ ಬರಲಿ. ಮರ್ಜ್ ಮಾಡಿದ ಸೆಲ್, ಬಣ್ಣ ಹಚ್ಚಿ ಗುರುತು ಮಾಡಿದ ಸಾಲು, ಮಧ್ಯದ ಖಾಲಿ ಸಾಲು ಯಾವುದೂ ಬೇಡ. ಸಿಎಸ್‌ವಿಗೆ ಹೋದಾಗ ಬಣ್ಣ ಉಳಿಯುವುದಿಲ್ಲ. "ಹಳದಿ ಸಾಲಿನವರಿಗೆ ಕಳಿಸಬೇಡಿ" ಎಂದು ಹೇಳಿದ್ದೂ ಅದರ ಜೊತೆಗೇ ಹೋಗುತ್ತದೆ. ಅದಕ್ಕೆ "ಕಳಿಸಬೇಕೆ" ಎಂಬ ಕಾಲಂ ಮಾಡಿ, ಹೌದು ಅಥವಾ ಇಲ್ಲ ಎಂದು ಬರೆಯಿರಿ.

ಸೆಲ್ ಒಳಗೆ ಎಂಟರ್ ಒತ್ತಿ ಸಾಲು ಮುರಿದಿರುವುದನ್ನು ಹುಡುಕಿ ತೆಗೆಯಿರಿ. ಹಿಂದೆ ಮುಂದೆ ಸೇರಿಕೊಂಡ ಖಾಲಿ ಜಾಗವನ್ನೂ ತೆಗೆಯಿರಿ. ವೆಬ್ ಪುಟದಿಂದ ಕಾಪಿ ಮಾಡಿದ ಪಟ್ಟಿಯಲ್ಲಿ ಮುರಿಯದ ಸ್ಪೇಸ್ ಎಂಬ ಬೇರೆ ಜಾತಿಯ ಖಾಲಿ ಜಾಗ ಇರುತ್ತದೆ. ಅದು ಖಾಲಿ ಜಾಗ ತೆಗೆಯುವ ಟ್ರಿಮ್ ಸೂತ್ರಕ್ಕೆ ಬಗ್ಗುವುದಿಲ್ಲ. ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲೇ ತೆಗೆಯಬೇಕು.

ಅಂಚೆ ಕೋಡನ್ನು ಉದ್ದದಿಂದ ಪರೀಕ್ಷಿಸಿ. ಭಾರತದ ಪಿನ್‌ಕೋಡ್ 6 ಅಂಕಿ, ಮೊದಲ ಅಂಕಿ ಸೊನ್ನೆ ಇರುವುದಿಲ್ಲ. ಅಮೆರಿಕದ್ದು 5 ಅಂಕಿ, ಸೊನ್ನೆಯಿಂದ ಶುರುವಾಗಬಹುದು. ಬ್ರಿಟನ್ನಿನ ಕೋಡ್‌ನಲ್ಲಿ ಅಕ್ಷರ, ಅಂಕಿ ಎರಡೂ ಇರುತ್ತವೆ, ಅಲ್ಲಿ ಸೊನ್ನೆಗೂ ಓ ಅಕ್ಷರಕ್ಕೂ ಗೊಂದಲವಾಗುತ್ತದೆ. ಉದ್ದ ತಪ್ಪಿದವನ್ನೆಲ್ಲ ಬೇರೆ ಹಾಳೆಗೆ ತೆಗೆದಿಟ್ಟು ಒಂದೊಂದಾಗಿ ಸರಿಮಾಡಿ. ಊಹೆಯಿಂದ ತುಂಬಬೇಡಿ.

ಗೌರವಸೂಚಕದಲ್ಲಿಯೂ ಊಹೆ ಬೇಡ. ಹೆಸರು ನೋಡಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸಿ ಶ್ರೀ, ಶ್ರೀಮತಿ ಹಾಕಿದರೆ ಕೆಲವರಿಗಾದರೂ ನೋವಾಗುತ್ತದೆ. ಗೊತ್ತಿಲ್ಲದಿದ್ದರೆ ಬರೀ ಹೆಸರು ಹಾಕಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಂತ 4: ಕನ್ನಡದ ಹೆಸರುಗಳಿಗೆ ಬೇಕಾದ ಎಚ್ಚರ

ಇದನ್ನು ಬೇರೆ ಭಾಷೆಯವರು ಬರೆದ ಮಾರ್ಗದರ್ಶಿಗಳಲ್ಲಿ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಪಟ್ಟಿ ಯಾವ ಬಗೆಯ ಕನ್ನಡದಲ್ಲಿದೆ ನೋಡಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಇನ್ನೂ ಎಷ್ಟೋ ಕಚೇರಿಗಳಲ್ಲಿವೆ. ಅವುಗಳಲ್ಲಿ ಇರುವುದು ನಿಜವಾಗಿ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಬದಲಾದರೆ ವೇಷ ಕಳಚುತ್ತದೆ, ಕವರ್ ಮೇಲೆ ಅರ್ಥವಿಲ್ಲದ ಗೆರೆಗಳು ಅಚ್ಚಾಗುತ್ತವೆ. ಸಿಎಸ್‌ವಿಯಲ್ಲಿ ಫಾಂಟ್ ಎಂಬುದೇ ಇರುವುದಿಲ್ಲವಲ್ಲ. ಆದ್ದರಿಂದ ಮೊದಲು ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಿ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು, ದೀರ್ಘ ಇರುವ ಹೆಸರುಗಳನ್ನು ಕಣ್ಣಿಟ್ಟು ಓದಿ. ಪರಿವರ್ತಕಗಳು ಎಡವುವುದು ಅಲ್ಲೇ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರಗಳು. ಸುನಿಲ್‌ಕುಮಾರ್ ಎಂದು ಬರೆಯುವಾಗ ಲ್ ಮತ್ತು ಕು ನಡುವೆ ಎರಡೂ ಕೂಡಿಕೊಳ್ಳದಂತೆ ತಡೆಯುವ, ಅಗಲವೇ ಇಲ್ಲದ ಒಂದು ಗುರುತು ಇರುತ್ತದೆ. "ಕಾಣದ ಅಕ್ಷರಗಳನ್ನೆಲ್ಲ ತೆಗೆ" ಎಂದು ಶುದ್ಧೀಕರಣ ಉಪಕರಣಕ್ಕೆ ಹೇಳಿದರೆ ಅದು ಈ ಗುರುತನ್ನೂ ಒರೆಸುತ್ತದೆ. ಹೆಸರು ಸುನಿಲ್ಕುಮಾರ್ ಆಗುತ್ತದೆ. ಹಾಗೆಯೇ ರ‍್ಯಾಂಕ್ ಎಂಬುದರೊಳಗಿನ, ಹೀಗೇ ಕಣ್ಣಿಗೆ ಕಾಣದ ಕೂಡಿಸುವ ಗುರುತು ಹೋದರೆ ರ್ಯಾಂಕ್ ಎಂದು ಅರ್ಕಾವತ್ತಾಗುತ್ತದೆ. ಇಂಗ್ಲಿಷ್ ಪಟ್ಟಿಗೆ ಈ ಶುದ್ಧೀಕರಣ ಒಳ್ಳೆಯದು. ಕನ್ನಡ ಕಾಲಂಗೆ ಅದನ್ನು ಓಡಿಸಬೇಡಿ. ಓಡಿಸಲೇಬೇಕು ಅಂದರೆ ಈ ಎರಡು ಗುರುತುಗಳನ್ನು ಬಿಟ್ಟು ಓಡಿಸಿ.

ಮೂರನೆಯದು ಡಿಸೈನ್ ತಂತ್ರಾಂಶ. ಇನ್‌ಡಿಸೈನ್‌ನಲ್ಲಿ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಪ್ರೆಸ್‌ನವರು ವಿಳಾಸ ಸೇರಿಸಲು ಬೇರೆ ತಂತ್ರಾಂಶ ಬಳಸುತ್ತಾರಾ ಎಂದು ಕೇಳಿ. ಬಳಸುವುದಾದರೆ ಐದು ಹೆಸರುಗಳ ಸಣ್ಣ ಫೈಲನ್ನು ಮೊದಲೇ ಕೊಟ್ಟು ಅಚ್ಚು ಹಾಕಿಸಿ ನೋಡಿ. ಅದರಲ್ಲಿ "ಕೃಷ್ಣಮೂರ್ತಿ", "ಲಕ್ಷ್ಮೀಶ" ಥರದ ಹೆಸರುಗಳಿರಲಿ. ಅವು ಸರಿಯಾಗಿ ಬಂದರೆ ಉಳಿದವೂ ಸಾಮಾನ್ಯವಾಗಿ ಬರುತ್ತವೆ.

ಪತ್ರ ಕನ್ನಡ ಓದದ ಊರಿಗೆ ಹೋಗುವುದಾದರೆ ವಿಳಾಸದ ಇಂಗ್ಲಿಷ್ ಲಿಪಿಯ ಕಾಲಂ ಒಂದು ಬೇಕೇ ಬೇಕು. ಅಂಚೆ ಕೋಡನ್ನು ಕನ್ನಡ ಅಂಕಿಯಲ್ಲಿ ಬರೆಯಬೇಡಿ, ಯಂತ್ರ ಓದುವುದು 1, 2, 3 ಥರದ ಅಂಕಿಯನ್ನು. ವಿದೇಶಕ್ಕೆ ಹೋಗುವ ಪತ್ರದಲ್ಲಿ ದೇಶದ ಹೆಸರು ಕೊನೆಯ ಸಾಲಿನಲ್ಲಿ ಒಂಟಿಯಾಗಿ, ದೊಡ್ಡಕ್ಷರಗಳಲ್ಲಿ ಇರಲಿ.

ಹಂತ 5: ಎರಡೆರಡು ಸಲ ಬಂದವರು, ಕಳಿಸಬಾರದವರು

ಮೊದಲು ಒಂದು ತೀರ್ಮಾನ ಮಾಡಿ: ಪತ್ರ ಆಳಿಗೊಂದೋ, ಮನೆಗೊಂದೋ? ಉತ್ತರ ಗೊತ್ತಿಲ್ಲದೆ ನಕಲು ತೆಗೆಯಲು ಹೊರಟರೆ ಅಣ್ಣ ತಂಗಿ ಇಬ್ಬರಲ್ಲಿ ಒಬ್ಬರು ಸುಮ್ನೆ ಮಾಯವಾಗುತ್ತಾರೆ.

ಎಕ್ಸೆಲ್‌ನ ನಕಲು ತೆಗೆಯುವ ಗುಂಡಿ ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಹಿಡಿಯುತ್ತದೆ. "ಕೆ. ರಮೇಶ" ಮತ್ತು "ರಮೇಶ್ ಕೆ" ಅದಕ್ಕೆ ಇಬ್ಬರು ಮನುಷ್ಯರು. ನಾನು ಒಂದು ಸಹಾಯಕ ಕಾಲಂ ಮಾಡುತ್ತೇನೆ: ಅಂಚೆ ಕೋಡ್, ಮನೆ ನಂಬರ್‌ನ ಅಂಕಿಗಳು, ಹೆಸರಿನ ಮೊದಲ ಮೂರು ಅಕ್ಷರ, ಮೂರನ್ನೂ ಅಂಟಿಸಿದ್ದು. ಅದರ ಮೇಲೆ ವಿಂಗಡಿಸಿದರೆ ಅನುಮಾನದ ಜೋಡಿಗಳು ಅಕ್ಕಪಕ್ಕ ಬಂದು ಕೂರುತ್ತವೆ. ಇನಿಷಿಯಲ್ ಮೊದಲು ಬರುವ ಹೆಸರುಗಳು ಇದಕ್ಕೂ ಸಿಗುವುದಿಲ್ಲ. ಅದಕ್ಕೆ ಅಂಚೆ ಕೋಡ್ ಮತ್ತು ಮನೆ ನಂಬರ್ ಮಾತ್ರ ಸೇರಿಸಿ ಇನ್ನೊಂದು ಸಲ ವಿಂಗಡಿಸಿ. ತೆಗೆಯುವ ತೀರ್ಮಾನ ಮಾತ್ರ ಕಣ್ಣಿನಿಂದಲೇ ಆಗಬೇಕು. ತೆಗೆದವರನ್ನು ಅಳಿಸಬೇಡಿ, ಬೇರೆ ಹಾಳೆಗೆ ಸರಿಸಿ.

ಆಮೇಲೆ ಕಳಿಸಬಾರದವರ ಪಟ್ಟಿ. ಬೇಡ ಎಂದು ಹೇಳಿದವರು, ತೀರಿಕೊಂಡವರು, ಹಿಂದಿನ ಸಲ ಪತ್ರ ವಾಪಸ್ ಬಂದವರು. ತೀರಿಕೊಂಡವರ ಹೆಸರಿಗೆ ಪತ್ರ ಹೋದರೆ ಮನೆಯವರಿಗೆ ಹೇಗಾಗುತ್ತದೆ ಯೋಚಿಸಿ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಭಯಪಡುವ ತಪ್ಪು ಅದೇ. ಯಾರು ಅವಸರ ಮಾಡಿದರೂ ಈ ಹಂತವನ್ನು ಬಿಟ್ಟುಕೊಡಬೇಡಿ.

ಮನೆ ಬದಲಿಸಿದವರ ಮಾಹಿತಿ ಕೆಲವು ದೇಶಗಳ ಅಂಚೆ ಇಲಾಖೆಯಲ್ಲೇ ಸಿಗುತ್ತದೆ. ಅಮೆರಿಕದಲ್ಲಿ ರಿಯಾಯಿತಿ ದರದ ಅಂಚೆಗೆ ಹಾಕುವ ಮೊದಲಿನ 95 ದಿನಗಳೊಳಗೆ ಪಟ್ಟಿಯನ್ನು ವಿಳಾಸ ಬದಲಾವಣೆಯ ದಾಖಲೆಯ ಜೊತೆ ತಾಳೆ ನೋಡಿರಬೇಕು ಎಂಬ ನಿಯಮವೇ ಇದೆ.

ಕೊನೆಗೆ ನಿಮ್ಮದೇ ವಿಳಾಸ, ನಿಮ್ಮ ಒಂದಿಬ್ಬರು ಸಹೋದ್ಯೋಗಿಗಳ ವಿಳಾಸ ಪಟ್ಟಿಗೆ ಸೇರಿಸಿ. ಬೇರೆ ಬೇರೆ ಊರಿನವರಾದರೆ ಒಳ್ಳೆಯದು. ಪತ್ರ ನಿಜವಾಗಿ ಯಾವತ್ತು ತಲುಪಿತು, ಯಾವ ಸ್ಥಿತಿಯಲ್ಲಿ ತಲುಪಿತು ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಈಗ ಲೆಕ್ಕ ಬರೆದಿಡಿ. ಉದಾಹರಣೆಗೆ: ಬಂದ ಸಾಲು 8,240. ನಕಲು 310. ಕಳಿಸಬಾರದವರು 95. ವಿಳಾಸ ಅರ್ಧಂಬರ್ಧ 60. ಉಳಿದದ್ದು 7,775. ನಮ್ಮ ವಿಳಾಸ 5 ಸೇರಿ 7,780. ಅಚ್ಚಾಗುವ ಪತ್ರ, ತುಂಬಿದ ಕವರ್, ಅಂಚೆ ಕಚೇರಿಯ ರಸೀದಿ ಮೂರರಲ್ಲೂ ಇದೇ ಸಂಖ್ಯೆ ಬರಬೇಕು.

ಹಂತ 6: ಅಂಚೆ ಕೋಡ್‌ನಂತೆ ವಿಂಗಡಿಸಿ, ಕ್ರಮಸಂಖ್ಯೆ ಕೊಡಿ

ಅಚ್ಚಾಗುವ ಕ್ರಮವೇ ಅಂಚೆಗೆ ಕಟ್ಟು ಕಟ್ಟುವ ಕ್ರಮ ಆಗಬೇಕು. ಆದ್ದರಿಂದ ಅಚ್ಚಿಗೆ ಮೊದಲೇ ಅಂಚೆ ಕೋಡ್‌ನಂತೆ ವಿಂಗಡಿಸಿ. ಏಳು ಸಾವಿರ ಕವರ್‌ಗಳನ್ನು ಆಮೇಲೆ ಕೈಯಿಂದ ವಿಂಗಡಿಸುವ ಕಷ್ಟ ಯಾರಿಗೂ ಬೇಡ. ವಿಂಗಡಿಸಿದ ಮೇಲೆ ಎರಡನೆಯ ಸಂಖ್ಯೆ ಕೊಡಿ: ಅಚ್ಚಿನ ಕ್ರಮಸಂಖ್ಯೆ. ಕಾಯಂ ಗುರುತಿನ ಸಂಖ್ಯೆ ಬೇರೆ, ಇದು ಬೇರೆ. ಈ ಸಂಖ್ಯೆಯನ್ನು ಪತ್ರದ ಮೂಲೆಯಲ್ಲಿ ಚಿಕ್ಕದಾಗಿ ಅಚ್ಚು ಹಾಕಿಸಿ. ಕವರ್ ಮೇಲೂ ವಿಳಾಸ ಅಚ್ಚಾಗುವುದಾದರೆ ಅಲ್ಲಿಯೂ ಹಾಕಿಸಿ. ಎರಡೂ ಹೊಂದುತ್ತವೆಯಾ ಎಂದು ತುಂಬುವವರು ಅಲ್ಲಲ್ಲಿ ನೋಡಿಕೊಳ್ಳಬಹುದು. ಒಂದು ಹಾಳೆ ಯಂತ್ರದಲ್ಲಿ ಸಿಕ್ಕಿ ಹರಿದರೆ ಯಾವುದನ್ನು ಮತ್ತೆ ಅಚ್ಚು ಹಾಕಬೇಕು ಎಂದೂ ಗೊತ್ತಾಗುತ್ತದೆ.

ಪತ್ರದ ಮೇಲೆ ಹೆಸರಿದ್ದರೆ, ಒಳಗಿನ ವಿಳಾಸ ಹೊರಗೆ ಕಾಣುವ ಕಿಟಕಿ ಕವರ್ ಬಳಸಿ ಅನ್ನುವುದು ನನ್ನ ಸಲಹೆ. ವಿಳಾಸ ಒಂದೇ ಸಲ ಅಚ್ಚಾಗುತ್ತದೆ. ಒಬ್ಬರ ಪತ್ರ ಇನ್ನೊಬ್ಬರ ಕವರ್‌ಗೆ ಹೋಗುವ ಸಾಧ್ಯತೆಯೇ ಇರುವುದಿಲ್ಲ.

ಒಂದೇ ದೊಡ್ಡ ಹಾಳೆಯಲ್ಲಿ ನಾಲ್ಕಾರು ಕಾರ್ಡ್ ಅಚ್ಚಾಗಿ ಆಮೇಲೆ ಕಟಿಂಗ್ ಆಗುವುದಾದರೆ ಕ್ರಮ ಕಲಸಿಹೋಗುತ್ತದೆ. ಕತ್ತರಿಸಿ ಒಂದರ ಮೇಲೊಂದು ಪೇರಿಸಿದರೆ ಕ್ರಮ ಉಳಿಯುವ ಹಾಗೆ ಜೋಡಿಸಲು ಪ್ರೆಸ್‌ನವರಿಗೆ ಬರುತ್ತದೆ. ನೀವು ಹೇಳಬೇಕು, ಅಷ್ಟೆ.

ಹಂತ 7: ಈಗ ಡಿಸೈನ್ ಫೈಲ್

ಪುಟದ ಅಳತೆ ಕತ್ತರಿಸಿದ ನಂತರದ ಅಳತೆಯೇ ಇರಲಿ. ಅಂಚಿನವರೆಗೆ ಹೋಗುವ ಬಣ್ಣ ಅಥವಾ ಫೋಟೊ ಇದ್ದರೆ ಸುತ್ತಲೂ 3 ಮಿ.ಮೀ. ಬ್ಲೀಡ್ ಬಿಡಿ, ಅಂದರೆ ಅದನ್ನು ಕತ್ತರಿಸುವ ಗೆರೆಯ ಆಚೆಗೂ ಅಷ್ಟು ಚಾಚಿ. ಕತ್ತರಿಸುವ ಬ್ಲೇಡ್ ಕೂದಲೆಳೆಯಷ್ಟು ಜಾರಿದರೂ ಬಿಳಿ ಗೆರೆ ಕಾಣಬಾರದು ಎಂದು ಇದು. ಅಕ್ಷರಗಳು ಅಂಚಿನಿಂದ ಕನಿಷ್ಠ 5 ಮಿ.ಮೀ. ಒಳಗಿರಲಿ.

ಫೋಟೊ ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಇರಬೇಕು. "ಅಚ್ಚಾಗುವ ಅಳತೆಯಲ್ಲಿ" ಎಂಬ ಮಾತು ಮುಖ್ಯ. 300ರ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೆ ಅದು 150 ಆಯಿತು. ಇಡೀ ಎ4 ತುಂಬುವ ಫೋಟೊಗೆ 2480 × 3508 ಪಿಕ್ಸೆಲ್ ಬೇಕು, ಬ್ಲೀಡ್ ಸೇರಿದರೆ ಇನ್ನೂ ಸ್ವಲ್ಪ ಜಾಸ್ತಿ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಬಂದದ್ದು ಕುಗ್ಗಿರುತ್ತದೆ. ಮೂಲ ಫೋಟೊವನ್ನು ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಬಣ್ಣ ಸಿಎಂವೈಕೆಯಲ್ಲಿರಲಿ, ಅಂದರೆ ಅಚ್ಚಿನ ನಾಲ್ಕು ಶಾಯಿಗಳಾದ ಸಯಾನ್ (ಸಿ), ಮಜೆಂಟಾ (ಎಂ), ಹಳದಿ (ವೈ), ಕಪ್ಪು (ಕೆ) ಇವುಗಳ ಲೆಕ್ಕದಲ್ಲಿ. ಪರದೆಯ ಮೇಲೆ ಹೊಳೆಯುವ ನೀಲಿ, ಗಿಳಿಹಸಿರು ಅಚ್ಚಿನಲ್ಲಿ ಮಂಕಾಗುತ್ತವೆ. ಅದು ಪ್ರೆಸ್‌ನವರ ತಪ್ಪಲ್ಲ, ಆ ಬಣ್ಣ ನಾಲ್ಕು ಶಾಯಿಗಳಲ್ಲಿ ಇಲ್ಲ. ಯಾವ ಬಣ್ಣದ ಪ್ರೊಫೈಲ್ ಬಳಸಬೇಕು ಎಂದು ಪ್ರೆಸ್‌ನವರನ್ನೇ ಕೇಳಿ. ನಾಲ್ಕೂ ಶಾಯಿಗಳ ಒಟ್ಟು ಪ್ರಮಾಣ ಆರ್ಟ್ ಪೇಪರ್‌ನಲ್ಲಿ ಸಾಮಾನ್ಯವಾಗಿ ಶೇಕಡ 300ರ ಆಸುಪಾಸು ದಾಟಬಾರದು. ದಾಟಿದರೆ ಶಾಯಿ ಒಣಗದೆ ಅದರ ಮೇಲೆ ಬೀಳುವ ಹಾಳೆಗೆ ಅಂಟುತ್ತದೆ.

ಕಪ್ಪು ಅಕ್ಷರದ ವಿಷಯ ಬೇರೆಯೇ. ಓದುವ ಅಕ್ಷರಗಳು ಬರೀ ಕಪ್ಪು ಶಾಯಿಯಲ್ಲಿ, ಅಂದರೆ ಕೆ 100ರಲ್ಲಿ ಇರಬೇಕು. ವರ್ಡ್‌ನಿಂದ ಬಂದ ಕಪ್ಪು ಎಷ್ಟೋ ಸಲ ನಾಲ್ಕು ಶಾಯಿಗಳ ಕಪ್ಪಾಗಿ ಬದಲಾಗಿರುತ್ತದೆ. ಒಂದೊಂದು ಶಾಯಿಗೂ ಇರುವ ಅಚ್ಚಿನ ಪ್ಲೇಟ್ ಸ್ವಲ್ಪ ಸರಿದರೂ ಅಕ್ಷರದ ಸುತ್ತ ಕೆಂಪು, ನೀಲಿ ನೆರಳು ಬರುತ್ತದೆ. ಕನ್ನಡದ ಸಣ್ಣ ಸುಳಿಗಳಲ್ಲಿ ಅದು ಎದ್ದು ಕಾಣುತ್ತದೆ. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಬೇರೆ ಶಾಯಿ ಸ್ವಲ್ಪ ಸೇರಿಸಿ: ಸಿ 60, ಎಂ 40, ವೈ 40, ಕೆ 100 ಸಾಮಾನ್ಯವಾಗಿ ಬಳಸುವ ಮಿಶ್ರಣ. ಗಾಢ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹಾಕುವಾಗ ಗಾತ್ರ ಚಿಕ್ಕದು ಮಾಡಬೇಡಿ. ಶಾಯಿ ಹರಡಿ ಒತ್ತಕ್ಷರಗಳು ಮುಚ್ಚಿಹೋಗುತ್ತವೆ.

ಮೂರು ಮಡಿಕೆಯ ಹಾಳೆಯ ಮೂರೂ ಭಾಗ ಸಮ ಇರಬಾರದು. ಒಳಗೆ ಮಡಚಿಕೊಳ್ಳುವ ಭಾಗ 2-3 ಮಿ.ಮೀ. ಚಿಕ್ಕದಿರಬೇಕು. ಎ4ಗೆ 100, 100, 97 ಎಂದು ಇಟ್ಟುಕೊಳ್ಳಿ. ಹಾಳೆಯ ಹಿಂಬದಿಯಲ್ಲಿ ಕ್ರಮ ತಿರುಗುತ್ತದೆ ಎಂಬುದನ್ನು ಮರೆಯಬೇಡಿ. ದಪ್ಪ ಕಾಗದವಾದರೆ ಮಡಚುವ ಮೊದಲು ಕ್ರೀಸಿಂಗ್ (ಮಡಿಕೆಯ ಗೆರೆಯನ್ನು ಒತ್ತಿ ಮೂಡಿಸುವುದು) ಆಗಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ಬಣ್ಣ ಬಿರಿಯುತ್ತದೆ. ಮಧ್ಯೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಮಗ್ಗಿಯಲ್ಲಿರಲಿ. ಫೈಲಿನಲ್ಲಿ ಪುಟಗಳನ್ನು ಒಂದೊಂದಾಗಿ ಕೊಡಿ, ಜೋಡಿ ಪುಟ ಬೇಡ. ಜೋಡಿಸುವುದು ಪ್ರೆಸ್‌ನವರ ಕೆಲಸ.

ಹಂತ 8: ವಿಳಾಸ ಕೂರುವ ಜಾಗ

ನಿಮ್ಮ ಪಟ್ಟಿಯ ಅತಿ ಉದ್ದದ ಹೆಸರು, ಅತಿ ಹೆಚ್ಚು ಸಾಲಿನ ವಿಳಾಸ ಎರಡನ್ನೂ ಹುಡುಕಿ. ಜಾಗವನ್ನು ಅವುಗಳಿಗೆ ಅಳೆದು ಬಿಡಿ. ಪಟ್ಟಿ ಮೊದಲು ಅಂದದ್ದು ಇದಕ್ಕೇ. ಚೆಂದದ ಸಣ್ಣ ಚೌಕಟ್ಟು ಬಿಡಿಸಿಟ್ಟ ಮೇಲೆ ಐದು ಸಾಲಿನ ವಿಳಾಸ ಬಂದರೆ ಏನು ಮಾಡುತ್ತೀರಿ?

ಕನ್ನಡಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗ ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇಳುತ್ತದೆ. ಇಂಗ್ಲಿಷ್‌ಗೆ ಸಾಕಾದ ಅಂತರದಲ್ಲಿ ಎರಡೂ ಡಿಕ್ಕಿ ಹೊಡೆಯುತ್ತವೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಅಂತರ ಕೊಟ್ಟು ನೋಡಿ. ವಿಳಾಸ ಎಡಕ್ಕೆ ಹೊಂದಿಕೊಂಡಿರಲಿ, ಬಿಳಿ ಅಥವಾ ತಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಇರಲಿ. ಕವರ್‌ನ ಕೆಳಭಾಗ ಖಾಲಿ ಬಿಡಿ, ಎಷ್ಟೋ ದೇಶಗಳ ಅಂಚೆ ಯಂತ್ರ ಅಲ್ಲಿ ಬಾರ್‌ಕೋಡ್ ಹೊಡೆಯುತ್ತದೆ.

ಕಿಟಕಿ ಕವರ್ ಆದರೆ ಒಂದು ಪರೀಕ್ಷೆ ಮಾಡಿ. ಪತ್ರ ತುಂಬಿದ ಕವರನ್ನು ಮೇಜಿನ ಮೇಲೆ ಎಡಕ್ಕೆ, ಬಲಕ್ಕೆ, ಕೆಳಕ್ಕೆ ಕುಟ್ಟಿ. ಪತ್ರ ಒಳಗೆ ಎಲ್ಲಿ ಜಾರಿದರೂ ವಿಳಾಸ ಪೂರ್ತಿ ಕಾಣಬೇಕು. ಕಿಟಕಿಯ ಅಂಚಿಗೂ ಅಕ್ಷರಕ್ಕೂ 3 ಮಿ.ಮೀ. ಅಂತರ ಉಳಿಯಬೇಕು. ಪತ್ರದ ಬೇರೆ ಸಾಲು ಯಾವುದೂ ಕಿಟಕಿಯಲ್ಲಿ ಇಣುಕಬಾರದು.

ಇನ್ನೊಂದು ಮಾತು. ಎಲ್ಲರಿಗೂ ಒಂದೇ ಆಗಿರುವ ಡಿಸೈನನ್ನು ಪ್ಲೇಟಿನಿಂದ ಅಚ್ಚಾಗುವ ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿಸಿ, ವಿಳಾಸವನ್ನು ಆಮೇಲೆ ಡಿಜಿಟಲ್ ಯಂತ್ರದಲ್ಲಿ ಹಾಕಿಸುವುದು ರೂಢಿ. ಆಗ ವಿಳಾಸದ ಜಾಗಕ್ಕೆ ವಾರ್ನಿಷ್, ಲ್ಯಾಮಿನೇಷನ್ ಬೇಡ. ನುಣುಪಾದ ಮೇಲ್ಮೈಗೆ ಶಾಯಿ ಹಿಡಿಯದೆ ಕೈಗೆ ಒರೆಸಿ ಬರುತ್ತದೆ.

ಹಂತ 9: ಪಿಡಿಎಫ್ ಮತ್ತು ಪ್ರೂಫ್

ಪ್ರೆಸ್‌ಗೆ ಪಿಡಿಎಫ್/ಎಕ್ಸ್ ಎಂಬ, ಅಚ್ಚಿಗೆಂದೇ ಇರುವ ಪಿಡಿಎಫ್ ಬಗೆಯ ಫೈಲ್ ಕೊಡಿ. ಎಕ್ಸ್-1ಎ ಹಳೆಯದು, ಅದರಲ್ಲಿ ಪಾರದರ್ಶಕ ಪರಿಣಾಮಗಳೆಲ್ಲ ಚಪ್ಪಟೆಯಾಗುತ್ತವೆ. ಎಕ್ಸ್-4ರಲ್ಲಿ ಹಾಗೇ ಉಳಿಯುತ್ತವೆ. ಪ್ರೆಸ್‌ನವರು ಒಪ್ಪಿದರೆ ಎಕ್ಸ್-4 ಒಳ್ಳೆಯದು. ಫಾಂಟ್‌ಗಳೆಲ್ಲ ಒಳಗೆ ಸೇರಿವೆಯಾ, ಬ್ಲೀಡ್ ಇದೆಯಾ ಎಂದು ಅಕ್ರೊಬ್ಯಾಟ್ ಪ್ರೊ‌ನಲ್ಲಿ ತೆರೆದು ನೋಡಿ. ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪು ಶಾಯಿಯ ಮುಂದಿನ ಗುರುತು ತೆಗೆದು ಅದನ್ನು ಮರೆಮಾಡಿ. ಓದುವ ಅಕ್ಷರಗಳೆಲ್ಲ ಮಾಯವಾಗಬೇಕು. ಮಸುಕಾಗಿ ಉಳಿದರೆ ಅವು ನಾಲ್ಕು ಶಾಯಿಯಲ್ಲಿವೆ.

ವಿಳಾಸ ಸೇರಿಸಿದ ಪ್ರೂಫ್‌ಗೆ ಪ್ರೆಸ್‌ನವರು ಮೊದಲ ಹತ್ತು ಸಾಲು ಕಳಿಸುತ್ತಾರೆ. ಅದು ಸಾಲದು. ಕಷ್ಟದ ಹತ್ತನ್ನು ನೀವೇ ಆರಿಸಿ ಕೊಡಿ: ಅತಿ ಉದ್ದದ ಹೆಸರು, ಅತಿ ಚಿಕ್ಕದು, ಸಂಸ್ಥೆ ಇಲ್ಲದ್ದು, ಬಡಾವಣೆ ಖಾಲಿ ಇರುವುದು, ಮನೆ ನಂಬರ್‌ನಲ್ಲಿ ಓರೆಗೆರೆ ಇರುವುದು, ವಿಳಾಸದಲ್ಲಿ ಅಲ್ಪವಿರಾಮ ಇರುವುದು, ಒತ್ತಕ್ಷರ ಜಾಸ್ತಿ ಇರುವುದು, ವಿದೇಶದ್ದು, ಪಟ್ಟಿಯ ಮೊದಲನೆಯದು, ಕೊನೆಯದು. ಖಾಲಿ ಕಾಲಂ ಇದ್ದಲ್ಲಿ ಖಾಲಿ ಸಾಲು ಬಿಡಬಾರದು. ಒಂಟಿ ಅಲ್ಪವಿರಾಮವೂ ಉಳಿಯಬಾರದು. ಇಡೀ ಫೈಲ್ ಸಿದ್ಧವಾದ ಮೇಲೆ ಪ್ರತಿ ಐನೂರನೆಯ ಪತ್ರವನ್ನು ಮೂಲ ಪಟ್ಟಿಯ ಜೊತೆ ಗುರುತಿನ ಸಂಖ್ಯೆ ಹಿಡಿದು ತಾಳೆ ನೋಡಿ.

ಕಾಗದದ ಪ್ರೂಫನ್ನು ಮಡಚಿ, ಕವರ್‌ಗೆ ತುಂಬಿ ನೋಡಿ. ಅದರಲ್ಲಿರುವ ಫೋನ್ ನಂಬರ್‌ಗೆ ಕರೆ ಮಾಡಿ. ಕ್ಯುಆರ್ ಕೋಡನ್ನು ಪರದೆಯಿಂದ ಅಲ್ಲ, ಕಾಗದದಿಂದ ಸ್ಕ್ಯಾನ್ ಮಾಡಿ. ಅದರ ಸುತ್ತ ಕೋಡ್ ಒಳಗಿನ ಪುಟ್ಟ ಚೌಕಗಳಲ್ಲಿ ನಾಲ್ಕರಷ್ಟು ಅಗಲದ ಖಾಲಿ ಜಾಗ ಇರಬೇಕು. ಪಠ್ಯವನ್ನು ಅದನ್ನು ಬರೆಯದ ಒಬ್ಬರಿಂದ ಓದಿಸಿ.

ಹಂತ 10: ಒಪ್ಪಿಸುವುದು, ವಾಪಸ್ ಬಂದದ್ದನ್ನು ನೋಡುವುದು

ಪಟ್ಟಿಯಲ್ಲಿರುವುದು ನಿಮ್ಮನ್ನು ನಂಬಿ ವಿಳಾಸ ಕೊಟ್ಟವರ ಮಾಹಿತಿ. ವಿಳಾಸಕ್ಕೆ ಬೇಕಾದ ಕಾಲಂಗಳನ್ನು ಮಾತ್ರ ಪ್ರೆಸ್‌ಗೆ ಕಳಿಸಿ. ಫೋನ್, ಹುಟ್ಟಿದ ದಿನ, ದೇಣಿಗೆಯ ಮೊತ್ತ ಯಾವುದೂ ಹೋಗಬಾರದು. ಫೈಲಿಗೆ ಪಾಸ್‌ವರ್ಡ್ ಹಾಕಿ, ಪಾಸ್‌ವರ್ಡನ್ನು ಬೇರೆ ದಾರಿಯಲ್ಲಿ ತಿಳಿಸಿ. ಕೆಲಸ ಮುಗಿದ ಮೇಲೆ ಅಳಿಸಬೇಕು ಎಂದು ಬರಹದಲ್ಲೇ ಕೇಳಿ.

ಫೈಲಿನ ಹೆಸರಿನಲ್ಲಿ ಕೆಲಸದ ಹೆಸರು, ತಾರೀಖು, ಆವೃತ್ತಿ ಸಂಖ್ಯೆ ಇರಲಿ. "ಫೈನಲ್" ಎಂಬ ಪದ ಬೇಡ. ಜೊತೆಗೆ ಒಂದು ಪುಟದ ಸೂಚನೆ ಕೊಡಿ: ಕಾಗದ, ಜಿಎಸ್‌ಎಂ, ಅಳತೆ, ಮಡಿಕೆ, ಸಂಖ್ಯೆ, ಕಾಲಂಗಳ ಕ್ರಮ, ಅಂಚೆಗೆ ಹಾಕುವ ದಿನ. ಹೆಸರಿಲ್ಲದ ಕರಪತ್ರವಾದರೆ ಕೆಡುವ ಹಾಳೆಗಳಿಗೆಂದು ಸ್ವಲ್ಪ ಜಾಸ್ತಿ ಅಚ್ಚು ಹಾಕಿಸಿ. ಹೆಸರಿರುವ ಪತ್ರಕ್ಕೆ ಅದು ನಡೆಯುವುದಿಲ್ಲ, ಕೆಟ್ಟದ್ದನ್ನು ಕ್ರಮಸಂಖ್ಯೆ ಹಿಡಿದು ಮತ್ತೆ ತೆಗೆಸಬೇಕು.

ಕವರ್ ಮೇಲೆ ನಿಮ್ಮ ವಾಪಸಾತಿ ವಿಳಾಸ ಇರಲೇಬೇಕು. ವಾಪಸ್ ಬಂದ ಕವರ್‌ಗಳನ್ನು ಮೂಲೆಗೆ ಹಾಕಬೇಡಿ. ಒಂದೊಂದನ್ನೂ ತೆಗೆದು, ಅಂಚೆಯವರು ಬರೆದ ಕಾರಣವನ್ನು ಗುರುತಿನ ಸಂಖ್ಯೆಯ ಮುಂದೆ ಮೂಲ ಪಟ್ಟಿಯಲ್ಲಿ ನಮೂದಿಸಿ: ಮನೆ ಬಿಟ್ಟಿದ್ದಾರೆ, ವಿಳಾಸ ಸಾಲದು, ತೀರಿಕೊಂಡಿದ್ದಾರೆ. ಇದನ್ನು ಅದೇ ವಾರ ಮಾಡಿ. ಮುಂದಿನ ಸಲದ ಪತ್ರಕ್ಕೆ ಈ ಪಟ್ಟಿಯಿಂದಲೇ ಶುರುಮಾಡುತ್ತೀರಿ.